ಸೂಜಿಯಕ್ಕ ಕೊಡದ ಕ್ಷಮೆ

ಸೂಜಿಯಕ್ಕನಿಗೆ ಸಿಟ್ಟೇ ಬರುವುದಿಲ್ಲ ಎಂದು ಬೈಂಡಿಂಗ್ ಅಂಗಡಿಯವರೆಲ್ಲ ನಂಬಿದ್ದರು. ಕಟಿಂಗ್ ಮಿಷಿನ್ನಿನವನು ಅವಳ ಸ್ಟೂಲು ಎತ್ತಿಕೊಂಡು ಹೋದರೂ ನಗುತ್ತಿದ್ದಳು. ಸಂಜೆ ಚಪ್ಪಲಿ ಮೆಟ್ಟುವ ಹೊತ್ತಿಗೆ ಸರಿಯಾಗಿ ಯಜಮಾನರು "ಇದೊಂದು ಕಟ್ಟು ಮುಗಿಸಿಬಿಡಮ್ಮ" ಎಂದರೂ ನಗುತ್ತಲೇ ವಾಪಸ್ಸು ಕೂರುತ್ತಿದ್ದಳು. ಎಂಥ ಒಳ್ಳೆಯವಳು ಅಂತ ಊರೆಲ್ಲ ಹೊಗಳಿಕೆ ಬೇರೆ. ಒಳ್ಳೆಯತನವೂ ಇಲ್ಲ, ಮಣ್ಣೂ ಇಲ್ಲ. ತಪ್ಪು ಮಾಡಿದವಳಿಗೆ ಸಿಟ್ಟು ಮಾಡಿಕೊಳ್ಳುವ ಹಕ್ಕಿಲ್ಲ ಎಂದು ಚಿಕ್ಕಂದಿನಿಂದ ಅವಳ ತಲೆಗೆ ತುಂಬಿಟ್ಟಿದ್ದರು, ಅಷ್ಟೇ.

ಆ ತಪ್ಪು ಒಂದು ಚಿಲಕದ್ದು. ಅವಳಿಗೆ ಆಗ ಹತ್ತು ವರ್ಷ, ತಮ್ಮನಿಗೆ ಐದು. ಮನೆಗೆ ಸುಣ್ಣ ಹೊಡೆಸುವ ಕೆಲಸ ನಡೆದಿತ್ತು. ಹಿತ್ತಲಿನ ಡ್ರಮ್ಮಿನಲ್ಲಿ ಸುಣ್ಣದ ಕಲ್ಲುಗಳು ನೀರಿಗೆ ಬಿದ್ದು ಕೊತಕೊತ ಕುದಿಯುತ್ತಿದ್ದವು. "ಹಿತ್ತಲ ಬಾಗಿಲ ಚಿಲಕ ಹಾಕೇ, ಮಗು ಆಚೆ ಹೋದಾನು" ಎಂದು ಅಮ್ಮ ಒಳಗಿನಿಂದ ಕೂಗಿದಳು. ಗೆಳತಿಯ ಜೊತೆ ಆಡುತ್ತಿದ್ದ ಇವಳು ಎದ್ದು ಹೋಗಿ ತುದಿಗಾಲಲ್ಲಿ ನಿಂತು ಚಿಲಕ ಹಾಕಿ ಬಂದಳು. ಸ್ವಲ್ಪ ಹೊತ್ತಿಗೆ ಹಿತ್ತಲಿನಿಂದ ಚೀರಾಟ ಕೇಳಿಸಿತು. ಓಡಿ ಹೋಗಿ ನೋಡಿದರೆ ಬಾಗಿಲು ಹಾರುಹೊಡೆದಿತ್ತು. ಕುದಿಯುವ ನೀರಿಗೆ ತಾನೂ ಒಂದು ಕಲ್ಲು ಹಾಕಿ ಮಜಾ ನೋಡೋಣ ಎಂದು ಹೋದ ಮಗುವಿನ ಎರಡೂ ಕಣ್ಣಿಗೆ ಸುಣ್ಣ ಸಿಡಿದಿತ್ತು. ಆ ಕಣ್ಣುಗಳು ಮತ್ತೆ ಬರಲಿಲ್ಲ.

"ಚಿಲಕ ಹಾಕಿದ್ದೆ ಅಮ್ಮಾ" ಎಂದಳು ಹುಡುಗಿ. ಕೆನ್ನೆಗೆ ಬಿತ್ತು. ಮರುದಿನವೂ ಅದನ್ನೇ ಹೇಳಿದಳು, ಮರುದಿನವೂ ಬಿತ್ತು. ಆಮೇಲಾಮೇಲೆ "ಹಾಕಿದ್ದೆ ಅನ್ಸುತ್ತೆ" ಎನ್ನತೊಡಗಿದಳು. ಎಲ್ಲರೂ ಒಂದೇ ಸಮನೆ ಹಾಕಲಿಲ್ಲ, ಹಾಕಲಿಲ್ಲ ಎನ್ನುತ್ತಿದ್ದರೆ ಹತ್ತು ವರ್ಷದ ಮಗು ಎಷ್ಟು ದಿನ ತನ್ನ ಕೈಯನ್ನು ತಾನೇ ನಂಬೀತು? ಒಂದು ದಿನ ಅವಳೂ "ಹಾಕಿರಲಿಲ್ಲ" ಎಂದುಬಿಟ್ಟಳು. ಅವತ್ತಿನಿಂದ ಮನೆಯಲ್ಲಿ ಹೊಡೆತ ನಿಂತಿತು. "ಅವನ ಕಣ್ಣು ಕಳೆದೋಳು ನೀನು, ಅವನ ಕಣ್ಣಾಗಿ ಇರಬೇಕಾದೋಳೂ ನೀನೇ" ಎಂದು ಅಮ್ಮ ಒಂದೇ ಮಾತಿನಲ್ಲಿ ಅವಳ ಇಡೀ ಬದುಕನ್ನು ತೀರ್ಮಾನ ಮಾಡಿ ಮುಗಿಸಿದಳು.

ಮಗಳು ಶಾಲೆ ಬಿಟ್ಟಳು. ತಮ್ಮನ ಕೈ ಹಿಡಿದು ಅವನ ಶಾಲೆಗೆ ಹೋದಳು, ಬಂದಳು. ದೊಡ್ಡವಳಾದ ಮೇಲೆ ಪುಸ್ತಕ ಹೊಲಿಯುವ ಕೆಲಸ ಕಲಿತಳು. ಅವಳ ಕೈಚಳಕ ನೋಡಿದ ಬೇರೆ ಊರಿನ ದೊಡ್ಡ ಪ್ರೆಸ್ಸಿನವರು ಕರೆದರು, ಹೋಗಲಿಲ್ಲ. ಬಣ್ಣದ ಮಿಷಿನ್ನು ನಡೆಸುತ್ತಿದ್ದ ಒಬ್ಬ ಮದುವೆಯಾಗುತ್ತೀಯಾ ಎಂದು ಕೇಳಿದ. ಒಳ್ಳೆಯವನು. "ಪುಟ್ಟನ್ನ ಯಾರು ನೋಡ್ತಾರೆ?" ಎಂದಳು ಅಮ್ಮ. ಅಲ್ಲಿಗೆ ಅದೂ ಮುಗಿಯಿತು. ಪುಟ್ಟ ಎಂದರೆ ಈ ತಮ್ಮ. ಈಗ ತಲೆಯಲ್ಲಿ ಅರ್ಧ ಬಿಳಿ ಕೂದಲಿದ್ದರೂ ಮನೆಯಲ್ಲಿ ಪುಟ್ಟನೇ. ದೊಡ್ಡ ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್. ಮಾತಿನ ಮಲ್ಲ. ಯಾವ ಡಾಕ್ಟರು ಹೆಂಡತಿಯ ಫೋನಿಗೆ ಹೇಗೆ ಕೆಮ್ಮುತ್ತಾರೆ ಎಂದು ಅನುಕರಣೆ ಮಾಡಿ ತೋರಿಸಿದರೆ ಅಕ್ಕನಿಗೆ ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತಿತ್ತು. ಬೆಳಿಗ್ಗೆ ಅವನನ್ನು ಆಸ್ಪತ್ರೆಗೆ ಬಿಟ್ಟು ಅವಳು ಅಂಗಡಿಗೆ ಹೋಗುವುದು, ಸಂಜೆ ಕರೆದುಕೊಂಡು ಬರುವುದು. ಊಟಕ್ಕೆ ಮುಂಚೆ ಅವನಿಗೆ ಓದಿ ಹೇಳುವುದು. ಪ್ರೆಸ್ಸಿನಲ್ಲಿ ಮಸಿ ಮೆತ್ತಿ ಕೆಟ್ಟ ಹಾಳೆಗಳನ್ನು ರದ್ದಿಗೆ ಹಾಕುತ್ತಾರಲ್ಲ, ಅವನ್ನೇ ಮಡಿಸಿ ಚೀಲಕ್ಕೆ ತುರುಕಿಕೊಂಡು ತರುತ್ತಿದ್ದಳು.

ಹೀಗಿರುವಾಗ ಆ ಕಾದಂಬರಿ ಬಂತು. ಲೇಖಕಿ ಯಾರೋ ಹೆಸರಾದವರು, ಕಾವ್ಯನಾಮದಲ್ಲಿ ಬರೆಯುತ್ತಿದ್ದರು. ತಮ್ಮ ಬಾಲ್ಯದ ಕಥೆ, ಕೈಹೊಲಿಗೆಯಲ್ಲೇ ಆಗಬೇಕು ಅಂತ ಹಟವಂತೆ. ಒಂದು ಪುಸ್ತಕ ಎಂದರೆ ಹದಿನಾರು ಪುಟದ ಮಡಿಕೆಗಳ ಕಟ್ಟು. ಒಂದೊಂದು ಮಡಿಕೆಗೆ ಅಂಗಡಿಯಲ್ಲಿ ಫಾರಂ ಎನ್ನುತ್ತಾರೆ. ಎಲ್ಲ ಫಾರಮ್ಮುಗಳನ್ನು ಸರದಿ ಪ್ರಕಾರ ಜೋಡಿಸಿ, ಬೆನ್ನಿನಲ್ಲಿ ಸೂಜಿ ಹಾಯಿಸಿ ಒಂದಕ್ಕೊಂದು ಬಿಗಿಯುವುದು ಸೂಜಿಯಕ್ಕನ ಕೆಲಸ. ಆದರೆ ಲೇಖಕಿ ಶುರುವಿನ ಅಧ್ಯಾಯಗಳನ್ನು ತಿದ್ದಿದ್ದೇ ತಿದ್ದಿದ್ದು. ಪುಟದ ಲೆಕ್ಕ ಬದಲಾಗುವುದಿಲ್ಲ, ಪದ ಮಾತ್ರ ಬದಲಾಯಿಸುತ್ತೇನೆ ಎಂದು ದಿನಾ ಫೋನು. ಕಾದು ಕಾದು ಬೇಸತ್ತ ಯಜಮಾನರು ಕೊನೆಯ ಫಾರಮ್ಮುಗಳನ್ನೇ ಮೊದಲು ಅಚ್ಚು ಹಾಕಿಸಿದರು. ಹಾಗಾಗಿ ಸೂಜಿಯಕ್ಕ ಆ ಕಥೆಯನ್ನು ಬಾಲದಿಂದ ಓದತೊಡಗಿದಳು.

ಕೊನೆಯ ಅಧ್ಯಾಯದಲ್ಲಿ ಕಥೆಯ ನಾಯಕಿ ಚಿಕ್ಕಂದಿನ ಗೆಳತಿಯನ್ನು ಹುಡುಕಿಕೊಂಡು ಹೋಗುತ್ತಾಳೆ. ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಇಬ್ಬರೂ ಕೂರುತ್ತಾರೆ. ತನ್ನದೊಂದು ಹಳೆಯ ಅಪರಾಧವನ್ನು ನಾಯಕಿ ಬಿಕ್ಕಿ ಬಿಕ್ಕಿ ಹೇಳಿಕೊಳ್ಳುತ್ತಾಳೆ. ಗೆಳತಿ ಅವಳ ತಲೆ ನೇವರಿಸಿ, "ನಾವಿಬ್ಬರೂ ಮಕ್ಕಳಾಗಿದ್ದೆವು, ಬಿಡು" ಎನ್ನುತ್ತಾಳೆ. ಆ ಅಪರಾಧ ಏನು ಎಂಬುದು ಮಾತ್ರ ಆ ಫಾರಮ್ಮಿನಲ್ಲಿ ಇರಲಿಲ್ಲ. ಸೂಜಿಯಕ್ಕ ಹಾಳೆಗೆ ಬಿದ್ದೀತು ಎಂದು ಕಣ್ಣೀರನ್ನು ತೋಳಿಗೆ ಒರೆಸಿಕೊಂಡಳು. ಪಾಪ, ಎಷ್ಟು ವರ್ಷ ಮನಸ್ಸಿನಲ್ಲೇ ಕೊರಗಿದ್ದಾಳೋ ಅನ್ನಿಸಿತು. ತನಗೂ ಯಾರಾದರೂ ಹೀಗೆ "ಬಿಡು" ಅಂದಿದ್ದರೆ ಎಂದು ಆಸೆಯೂ ಆಯಿತು.

ಅವತ್ತು ಸಂಜೆ ತಮ್ಮನಿಗೂ ಅದನ್ನೇ ಓದಿದಳು. ಎಂದೂ ಬಾಯಿ ಮುಚ್ಚದವನು ಕೊನೆತನಕ ಸುಮ್ಮನೆ ಕೇಳಿದ.

"ಏನು ಮಾಡಿದ್ಲಂತೆ ಅಕ್ಕಾ ಅವಳು?"

"ಮೊದಲಿನ ಫಾರಂ ಇನ್ನೂ ಬಂದಿಲ್ಲ ಕಣೋ. ಬಂದ್ಮೇಲೆ ಓದ್ತೀನಿ."

"ಏನೇ ಮಾಡಿರ್ಲಿ, ಕ್ಷಮಿಸಿದ್ದು ಒಳ್ಳೇದಾಯ್ತು, ಅಲ್ವಾ?"

"ಹೂಂ ಮತ್ತೆ. ದೊಡ್ಡ ಮನಸ್ಸು ಆ ಗೆಳತೀದು" ಎಂದಳು ಸೂಜಿಯಕ್ಕ, ಪಾಪದವಳು.

ಎರಡನೇ ಫಾರಂ ಬಂದದ್ದು ಒಂದು ಮಧ್ಯಾಹ್ನ. ಮಡಿಸುತ್ತ ಮಡಿಸುತ್ತ ಅವಳ ಕಣ್ಣು ಎಂದಿನ ಹಾಗೆ ಸಾಲುಗಳ ಮೇಲೆ ಓಡಿತು. ತಮ್ಮ ಮನೆಯ ಹಿಂದಿದ್ದ ಬಾಡಿಗೆ ಮನೆಯ ಹುಡುಗಿ, ಅವಳ ಪುಟ್ಟ ತಮ್ಮ, ಹಿತ್ತಲಿನ ಡ್ರಮ್ಮಿನಲ್ಲಿ ಕುದಿಯುವ ಸುಣ್ಣ. ಮಡಿಸುವುದನ್ನು ಅಲ್ಲಿಗೇ ಬಿಟ್ಟಳು. ಮುಂದೆ ಓದಿದಳು. "ಗೆಳತಿ ಚಿಲಕ ಹಾಕಿ ಬಂದು ಮತ್ತೆ ಆಟಕ್ಕೆ ಕುಳಿತಳು. ನನಗೆ ಸೋತು ಸೋತು ಬೇಸರವಾಗಿತ್ತು. ಅವಳು ನೀರು ಕುಡಿಯಲು ಎದ್ದಾಗ ನಾನು ಹಿತ್ತಲ ಚಿಲಕ ತೆಗೆದು ಹತ್ತಿರದ ದಾರಿಯಲ್ಲಿ ನಮ್ಮ ಮನೆಗೆ ಓಡಿದೆ. ಆಮೇಲೆ ಎಲ್ಲರೂ ಕೇಳಿದಾಗ, ಮುಂಬಾಗಿಲಿನಿಂದ ಹೋದೆ ಎಂದೆ. ಗೆಳತಿಗೆ ಬೀಳುತ್ತಿದ್ದ ಏಟು ನಮ್ಮ ಮನೆಗೆ ಕೇಳಿಸುತ್ತಿತ್ತು. ನಾನು ಕಿವಿ ಮುಚ್ಚಿಕೊಂಡೆ."

ಬೊಂಬೆ! ಮನೆ ಮಾಲೀಕರ ಒಬ್ಬಳೇ ಮಗಳು, ಫ್ರಾಕು ಮಣ್ಣಾಗಲು ಬಿಡದವಳು. ಹಾಗಾಗಿ ಬೀದಿಯವರೆಲ್ಲ ಅವಳನ್ನು ಬೊಂಬೆ ಎನ್ನುತ್ತಿದ್ದರು. ಸೂಜಿಯಕ್ಕನ ಪ್ರಾಣಸ್ನೇಹಿತೆ. ಪುಟ್ಟ ಆಸ್ಪತ್ರೆಯಲ್ಲಿದ್ದಾಗ ತನ್ನ ಅಮ್ಮನ ಜೊತೆ ಒಂದು ಸಲ ಬಂದು ಬಾಗಿಲಲ್ಲೇ ನಿಂತು ಹೋಗಿದ್ದಳು. ಆಮೇಲೆ ಅವಳನ್ನು ಎಲ್ಲೋ ದೂರದ ಶಾಲೆಗೆ ಸೇರಿಸಿದರು. ಪಾಪ, ನನ್ನ ತಪ್ಪಿನಿಂದ ಅವಳಿಗೂ ಆಟಕ್ಕೆ ಯಾರೂ ಇಲ್ಲದ ಹಾಗಾಯಿತಲ್ಲ ಎಂದು ಆಗ ಇವಳು ಅತ್ತಿದ್ದಳು. ಅದು ನೆನಪಾದದ್ದೇ ತಡ, ಸೂಜಿಯಕ್ಕನ ಮೈಯೆಲ್ಲ ಉರಿದುಹೋಯಿತು.

ಹಾಕಿದ್ದೆ! ಚಿಲಕ ಹಾಕಿದ್ದೆ! ಹಾಕಿದ ಕೈ ಇಲ್ಲೇ ಇದೆ, ಇದೇ ಕೈ! ಬಿದ್ದ ಏಟುಗಳು, ಬಿಟ್ಟ ಶಾಲೆ, ಹೋಗದ ಊರು, ಆಗದ ಮದುವೆ, ಎಲ್ಲ ಒಟ್ಟಿಗೆ ನೆತ್ತಿಗೇರಿದವು. ಅದಕ್ಕಿಂತ ಹೆಚ್ಚು ಉರಿದದ್ದು ಆ ರೈಲ್ವೆ ಬೆಂಚು. ತಲೆ ನೇವರಿಸಿದಳಂತೆ! ನಾವಿಬ್ಬರೂ ಮಕ್ಕಳಾಗಿದ್ದೆವಂತೆ! ಇವಳ ಹೆಸರಿನಲ್ಲಿ ಇವಳಿಗೇ ಗೊತ್ತಿಲ್ಲದ ಹಾಗೆ ಆ ಮಹಾತಾಯಿ ತನಗೆ ತಾನೇ ಕ್ಷಮೆ ಕೊಟ್ಟುಕೊಂಡು, ಅದಕ್ಕೆ ರಟ್ಟು ಹಾಕಿಸಿ, ಹೊಲಿಯಲು ಇವಳ ಕೈಗೇ ಕಳಿಸಿದ್ದಾಳೆ. ಅದನ್ನು ಓದಿ ತಾನೇ ಅತ್ತೆನಲ್ಲ ಎಂದು ಸೂಜಿಯಕ್ಕನಿಗೆ ತನ್ನ ಮೇಲೂ ಅಸಹ್ಯವಾಯಿತು. ಕಟಿಂಗ್ ಮಿಷಿನ್ನಿನವನು ಯಾವುದಕ್ಕೋ ಅವಳ ಸ್ಟೂಲಿಗೆ ಕೈ ಹಾಕಿದ.

"ಮುಟ್ಟಿದ್ರೆ ಕೈ ಮುರೀತೀನಿ" ಎಂದಳು. ಅವನು ಕೈ ಹಿಂದಕ್ಕೆಳೆದುಕೊಂಡ.

ಆ ಫಾರಮ್ಮನ್ನು ಅವಳು ಮನೆಗೆ ಒಯ್ಯಲಿಲ್ಲ. ಒಯ್ದು ಏನು ಹೇಳುವುದು? ಇಷ್ಟು ವರ್ಷದ ಮೇಲೆ "ನಾನಲ್ಲಮ್ಮ, ಅವಳು" ಎಂದರೆ ಅಮ್ಮ ನಂಬುವ ಪೈಕಿಯೇ? ಅವಳಿಗೆ ಬೇಕಾಗಿದ್ದದ್ದು ಒಂದೇ. ಬೊಂಬೆ ತಾನೇ ಬಂದು, ಅಮ್ಮನ ಮುಂದೆ, ಪುಟ್ಟನ ಮುಂದೆ ನಿಂತು ಬಾಯಿ ಬಿಟ್ಟು ಹೇಳಬೇಕು. ಅಷ್ಟಾದರೆ ಸಾಕು. ಪುಟ್ಟ ದಿನಾ ಕೇಳುತ್ತಿದ್ದ, "ಬಂತಾ ಅಕ್ಕಾ, ಮೊದಲಿನ ಭಾಗ?" ಇಲ್ಲ ಎನ್ನುತ್ತಿದ್ದಳು. ಲೇಖಕಿ ಹೊಲಿಗೆ ನೋಡಲು ಅಂಗಡಿಗೆ ಬರುತ್ತಾರೆ ಎಂದು ಯಜಮಾನರು ಹೇಳಿದ್ದರು. ಅವಳು ಹಲ್ಲು ಕಚ್ಚಿ ಕಾದಳು.

ಬಂದವರು ತೆಳ್ಳಗಿನ, ಕನ್ನಡಕದ, ಮೆಲುಮಾತಿನ ಮೇಡಂ. ಒಂದು ಪ್ರತಿ ಎತ್ತಿ ಬೆನ್ನು ಸವರಿ, "ಎಷ್ಟು ಚೆನ್ನಾಗಿ ಹೊಲೀತೀರಿ ನೀವು" ಎಂದರು. ಗುರುತು ಹತ್ತಲಿಲ್ಲ. ಹೇಗೆ ಹತ್ತೀತು? ಪುಸ್ತಕದಲ್ಲಿ ಗೆಳತಿಯನ್ನು ನೋಡಿದ ಕೂಡಲೇ ಗುರುತು ಹಿಡಿದಿದ್ದರು. ಎದುರಿಗೆ ನಿಂತವಳು ಸೂಜಿ ಹಿಡಿದ ಯಾವಳೋ ಕೆಲಸದವಳು.

"ಒಂದು ಮಾತು ಕೇಳ್ಲಾ ಮೇಡಂ? ಕೊನೇಲಿ ಆ ಗೆಳತಿ ಕ್ಷಮಿಸ್ತಾಳಲ್ಲ, ಅದು ನಡೆದದ್ದಾ?"

ಓದುಗರೊಬ್ಬರು ಸಿಕ್ಕ ಖುಷಿಗೆ ಮೇಡಂ ನಕ್ಕರು. "ಇಲ್ಲಮ್ಮ. ಅದೊಂದು ಮಾತ್ರ ಕಲ್ಪನೆ. ನಿಜವಾಗ್ಲೂ ಹುಡುಕೋಕೆ ನನಗೆ ಧೈರ್ಯ ಬರಲಿಲ್ಲ. ಪಾಪ, ಅವಳಿಗೆ ಈಗ ನೆನಪೂ ಇರಲಿಕ್ಕಿಲ್ಲ."

"ನೆನಪಿದೆ ಬೊಂಬೆ" ಎಂದಳು ಸೂಜಿಯಕ್ಕ.

ಮೇಡಂ ಮುಖ ಸುಣ್ಣವಾಯಿತು. ಕೈಲಿದ್ದ ಪುಸ್ತಕ ಮೇಜಿನ ಮೇಲೆ ಬಿತ್ತು. ಸ್ಟೂಲಿನ ಮೇಲೆ ಕುಸಿದು ಕೂತರು. ಆಮೇಲೆ ಸೂಜಿಯಕ್ಕನ ಎರಡೂ ಕೈ ಹಿಡಿದುಕೊಂಡು ಅಳತೊಡಗಿದರು. "ಕ್ಷಮಿಸೇ, ದಯವಿಟ್ಟು ಕ್ಷಮಿಸಿಬಿಡೇ. ಒಂದು ದಿನ ನಾನು ನೆಮ್ಮದಿಯಾಗಿ ಮಲಗಿಲ್ಲ."

"ಕ್ಷಮಿಸಿ ಆಯ್ತಲ್ಲ, ಕೊನೇ ಫಾರಮ್ಮಲ್ಲಿ! ನನ್ನ ಬಾಯಿಂದ ನೀನೇ ಹೇಳಿಸಿದ್ದೀಯಲ್ಲ! ಮತ್ತೆ ನನ್ನ ಯಾಕೆ ಕೇಳ್ತೀಯ? ನೆಮ್ಮದಿಯಾಗಿ ಮಲಗಿಲ್ವಂತೆ! ನೀನು ನಿದ್ದೆ ಬಿಟ್ಟೆ, ನಾನು ಏನೇನು ಬಿಟ್ಟೆ ಗೊತ್ತೇನೇ ನಿನಗೆ?" ಅವಳು ಕೈ ಕಿತ್ತುಕೊಂಡಳು. "ಅಳೋದು ಬೇಡ. ಎದ್ದೇಳು. ನಮ್ಮನೆಗೆ ಬಾ. ಅಮ್ಮ ಬದುಕಿದ್ದಾಳೆ, ಪುಟ್ಟ ಇದ್ದಾನೆ. ಅವರ ಮುಂದೆ ಹೇಳು, ಚಿಲಕ ತೆಗೆದೋಳು ನಾನು ಅಂತ. ಆಮೇಲೆ ಬೇಕಾದ್ರೆ ಕ್ಷಮೆ ಮಾತಾಡೋಣ."

ಮೇಡಂ ಕನ್ನಡಕ ತೆಗೆದು ಒರೆಸಿದರು. ಬಹಳ ಹೊತ್ತು ಒರೆಸಿದರು. "ಬರ್ತೀನಿ. ಖಂಡಿತ ಬರ್ತೀನಿ. ಪುಸ್ತಕ ಬಿಡುಗಡೆ ಒಂದು ಮುಗೀಲಿ. ಪತ್ರಿಕೆಯವರು ಗಿತ್ರಿಕೆಯವರು ಅಂತ... ಈಗ ನನ್ನ ಮನಸ್ಥಿತಿ ಸರಿ ಇಲ್ಲ ಕಣೇ."

"ಇಡೀ ಲೋಕಕ್ಕೆ ಹೇಳೋಕೆ ಧೈರ್ಯ ಇದೆ. ನಮ್ಮನೆ ಹೊಸ್ತಿಲು ದಾಟೋಕೆ ಇಲ್ಲ. ಹೋಗೇ, ಹೋಗು!"

ಯಜಮಾನರು ಓಡಿ ಬಂದು "ಏನಮ್ಮ ಇದು, ಅವರು ಯಾರು ಗೊತ್ತಾ?" ಎಂದರು. "ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ" ಎಂದ ಸೂಜಿಯಕ್ಕ ಮೇಜಿನ ಮೇಲಿದ್ದ ಎರಡನೇ ಫಾರಮ್ಮಿನ ಒಂದು ಪ್ರತಿಯನ್ನು ಎಲ್ಲರ ಕಣ್ಣೆದುರೇ ಎತ್ತಿ ಚೀಲಕ್ಕೆ ಹಾಕಿಕೊಂಡು ಹೊರಟಳು. ಅವತ್ತು ಯಾರೂ ಇದೊಂದು ಕಟ್ಟು ಮುಗಿಸು ಎನ್ನಲಿಲ್ಲ.

ಪುಟ್ಟನನ್ನು ಕರೆದುಕೊಂಡು ಮನೆಗೆ ಬಂದವಳು ಕೈಕಾಲು ಕೂಡ ತೊಳೆಯಲಿಲ್ಲ. ಅಮ್ಮ ಮಂಚದ ಮೇಲೆ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದಳು. "ಅಮ್ಮಾ, ನೀನೂ ಕೇಳು" ಎಂದು ಸೂಜಿಯಕ್ಕ ನಿಂತೇ ಓದಿದಳು. ಹುಡುಗಿಯಾಗಿದ್ದಾಗ ಹೇಳಲು ಬಿಡದ ಮಾತು ಈಗ ಅಚ್ಚಾಗಿ ಕೈಯಲ್ಲಿತ್ತು. ಚಿಲಕ ಹಾಕಿ ಬಂದು ಕುಳಿತಳು ಎಂಬಲ್ಲಿ ನಿಲ್ಲಿಸಿ, ಆ ಸಾಲನ್ನೇ ಇನ್ನೊಮ್ಮೆ ಓದಿದಳು. ಕಿವಿ ಮುಚ್ಚಿಕೊಂಡೆ ಎಂಬಲ್ಲಿಗೆ ಮುಗಿಸಿ, "ಇದನ್ನ ಬರೆದೋಳು ಯಾರು ಗೊತ್ತಾ? ನಮ್ಮ ಬೊಂಬೆ. ಇವತ್ತು ಅಂಗಡೀಲಿ ನನ್ನೆದುರೇ ಒಪ್ಕೊಂಡ್ಲು" ಎಂದಳು.

ಅಮ್ಮನ ಕೈ ಮಂಡಿಯ ಮೇಲೆ ನಿಂತಿತು. ಸೂಜಿಯಕ್ಕ ಕಾದಳು. ಏನಾದರೂ ಒಂದು ಮಾತು. ಅಯ್ಯೋ ಮಗಳೇ ಎಂದರೂ ಸಾಕಾಗಿತ್ತು.

"ಕಥೆ ಅಲ್ವೇನೇ ಅದು?" ಎಂದಳು ಅಮ್ಮ. "ಕಥೇಲಿ ಏನು ಬೇಕಾದ್ರೂ ಬರೀತಾರೆ. ಅವಳಿಗೆ ನಿನ್ನ ಮೇಲೆ ಮೊದಲಿಂದ ಪ್ರೀತಿ. ನಿನ್ನ ತಪ್ಪನ್ನ ತನ್ನ ಮೇಲೆ ಹಾಕ್ಕೊಂಡಿದ್ದಾಳೆ, ಒಳ್ಳೇ ಹುಡುಗಿ." ಅಂದು ಮತ್ತೆ ಎಣ್ಣೆ ತಿಕ್ಕತೊಡಗಿದಳು.

ಸೂಜಿಯಕ್ಕನಿಗೆ ಎದುರಿಗಿದ್ದ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಆಗ ಬಾಗಿಲ ಬಳಿಯ ಕುರ್ಚಿಯಿಂದ ಪುಟ್ಟನ ದನಿ ಬಂತು.

"ಕಥೆ ಅಲ್ಲಮ್ಮ. ನಿಜ. ಬೊಂಬೆನೇ ತೆಗೆದಿದ್ದು."

"ನಿನಗೇನೋ ಗೊತ್ತು, ಆಗ ನೀನು ಐದು ವರ್ಷದೋನು."

"ನಾನು ಅವಳ ಹಿಂದೇನೇ ಇದ್ದೆ. ಚಿಲಕ ತೆಗೆದು ತಿರುಗಿ ನೋಡಿ, ತುಟಿ ಮೇಲೆ ಬೆರಳಿಟ್ಟು, ಶ್ ಅಂದ್ಲು. ಎಡಗಡೆ ಹಲ್ಲು ಬಿದ್ದಿತ್ತು ಅವಳಿಗೆ. ನಾನು ಕೊನೇಗೆ ನೋಡಿದ ಮುಖ ಕಣಮ್ಮ ಅದು. ಮರೆಯೋಕಾಗುತ್ತಾ?"

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸೂಜಿಯಕ್ಕ ಅಮ್ಮನ ಕಡೆ ನೋಡಲೂ ಇಲ್ಲ. ಅಮ್ಮ ನಂಬಿದಳು, ಇಷ್ಟು ವರ್ಷ ಬಯಸಿದ್ದು ಆಯಿತು. ಆದರೆ ಅದು ಆಗಿದ್ದೇ ಅವಳಿಗೆ ಗೊತ್ತಾಗಲಿಲ್ಲ. ಅವಳು ತಮ್ಮನನ್ನೇ ನೋಡುತ್ತಿದ್ದಳು.

"ಯಾವತ್ತಿಂದ ಗೊತ್ತು ನಿನಗೆ?"

"ಮೊದ್ಲು ಎಲ್ಲಾ ಕಲಸು ಮೇಲೋಗರ ಆಗಿತ್ತು ಅಕ್ಕಾ. ಅಕ್ಕ ಅಕ್ಕ ಅಂತ ಎಲ್ಲರೂ ಹೇಳ್ತಿದ್ರು, ನಾನೂ ಹಾಗೇ ಅಂದ್ಕೊಂಡಿದ್ದೆ. ಸ್ವಲ್ಪ ದೊಡ್ಡೋನಾದ್ಮೇಲೆ ಸರಿಯಾಗಿ ನೆನಪಾಯ್ತು."

"ಸ್ವಲ್ಪ ದೊಡ್ಡೋನು ಅಂದ್ರೆ?"

ಅವನು ತಲೆ ತಗ್ಗಿಸಿದ. "ಆ ಪ್ರೆಸ್ಸಿನೋರು ನಿನ್ನ ಕರೆದ್ರಲ್ಲ, ಅದಕ್ಕೂ ಮುಂಚೆ."

ಅವಳ ಕೈಯಿಂದ ಫಾರಂ ಜಾರಿತು. ಅದಕ್ಕೂ ಮುಂಚೆ ಅಂದರೆ ಬಣ್ಣದ ಮಿಷಿನ್ನಿನವನಿಗೂ ಮುಂಚೆ. ಅವತ್ತು "ಪುಟ್ಟನ್ನ ಯಾರು ನೋಡ್ತಾರೆ" ಎಂದು ಅಮ್ಮ ಕೇಳಿದಾಗ ಇವನು ಇದೇ ಕುರ್ಚಿಯಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದ. ದಿನಾ ಕೈ ಹಿಡಿದು ನಡೆಸಿದ್ದು, ಓದಿ ಹೇಳಿದ್ದು, ಜ್ವರ ಬಂದಾಗ ಪಕ್ಕ ಕೂತದ್ದು, ಅಷ್ಟೂ ದಿನ ಇವನಿಗೆ ಗೊತ್ತಿತ್ತು. ಬೊಂಬೆ ದೂರದಲ್ಲಿದ್ದುಕೊಂಡು ಬಾಯಿ ಮುಚ್ಚಿಕೊಂಡಿದ್ದಳು. ಇವನು ಅವಳ ಕೈ ಹಿಡಿದುಕೊಂಡೇ ಮುಚ್ಚಿಕೊಂಡಿದ್ದ.

"ಯಾಕೋ?" ಅವಳು ಕಿರುಚಿದಳು. ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು. "ಯಾಕೋ ಹೇಳಲಿಲ್ಲ? ಬಾಯಿಗೇನು ಬಂದಿತ್ತೋ ನಿನಗೆ? ಊರ ಡಾಕ್ಟರುಗಳ ಕೆಮ್ಮೆಲ್ಲಾ ಹೇಳೋ ಬಾಯಿಗೆ ಇದೊಂದು ಹೇಳೋಕಾಗಲಿಲ್ವೇನೋ?"

"ಹೇಳಿದ್ರೆ ನೀನು ಹೋಗಿಬಿಡ್ತೀಯ ಅಂತ ಭಯ ಆಯ್ತು ಅಕ್ಕಾ." ಅವನ ಕುರುಡು ಕಣ್ಣುಗಳಿಂದ ನೀರು ಇಳಿಯುತ್ತಿತ್ತು. "ತಪ್ಪು ಮಾಡಿದ್ದೀನಿ ಅಂತಾನೇ ನೀನು ಇದ್ದೆ. ತಪ್ಪೇ ಇಲ್ಲ ಅಂದ್ರೆ ಯಾಕಿರ್ತಿದ್ದೆ?"

ಅವಳು ದಾಪುಗಾಲಿಟ್ಟು ಹೋಗಿ ಅವನ ಮುಂದೆ ನಿಂತಳು. ಹೊಡೆಯಲು ಎತ್ತಿದ ಕೈ ಗಾಳಿಯಲ್ಲೇ ನಿಂತಿತ್ತು. ಅವನಿಗೆ ಅದು ಕಾಣುತ್ತಿರಲಿಲ್ಲ. ಆದರೂ ಕೆನ್ನೆ ಕೊಟ್ಟುಕೊಂಡು ಕೂತಿದ್ದ.

"ಇರ್ತಿದ್ದೆ ಕಣೋ!" ಎಂದಳು. ಗಂಟಲು ಹರಿದು ಹೋಗುವ ಹಾಗೆ ಬಂತು ಮಾತು. "ನೀನು ನನ್ನ ತಮ್ಮ ಕಣೋ! ಇರು ಅಕ್ಕಾ ಅಂತ ಒಂದೇ ಒಂದು ಸಲ ಕೇಳಿದ್ರೆ ಇರ್ತಿದ್ದೆ. ಖುಷಿಯಾಗಿ ಇರ್ತಿದ್ದೆ. ಕೇಳಿ ನೋಡೋದು ಬಿಟ್ಟು, ಕಟ್ಟಿಹಾಕಿ ಇಟ್ಕೊಂಡ್ಯಲ್ಲೋ!"

ಪುಟ್ಟ ಕೈ ಚಾಚಿ ಅವಳ ಕೈಗಾಗಿ ತಡಕಾಡಿದ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಆ ಕೈ ಬರಿದೇ ಗಾಳಿಯಲ್ಲಿ ಆಡಿತು.

"ಈಗ ಕೇಳ್ತೀನಿ ಅಕ್ಕಾ" ಎಂದ. "ಇರು."

"ಈಗ ನನಗೆ ಗೊತ್ತಿಲ್ಲ" ಎಂದಳು ಸೂಜಿಯಕ್ಕ.